ಹದಿನಾಲ್ಕನೆಯ ಪದ

ನನ್ನದು ಮೇಜರ್ ಇತಿಹಾಸ. ಮನಸ್ಸು ಮೈನರ್.
ಸಮಾಜಶಾಸ್ತ್ರದ ಸೀಟು ತುಂಬಿಹೋಗಿತ್ತೆಂದು
ಅರ್ಜಿಯಲ್ಲಿ ಹಾಗೆ ಬರೆದಿದ್ದೆ, ಅಷ್ಟೇ.
ಕುಮಟೆಯಿಂದ ಆಯಿ ಫೋನಿನಲ್ಲಿ ಕೇಳಿದಳು:
"ಅದ್ನ ಓದಿರೆ ಕಡಿಗೆ ನಿಂಗೂ ಮಳ್ಳು ಹಿಡಿತನೇ?"

ಪ್ರಯೋಗಾಲಯವೆಂದರೆ ಮಹಡಿಯ ಮೂಲೆಯ ಕೋಣೆ.
ಕಡಲ ಗಾಳಿಗೆ ತುಕ್ಕು ತಿಂದ ಮೆಮರಿ ಡ್ರಮ್
ತಿರುಗುವುದನ್ನೇ ಮರೆತಿದೆ.
ಕನ್ನಡಿಯಲ್ಲಿ ನೋಡಿ ನಕ್ಷತ್ರ ಬರೆಯುವ ಹಲಗೆಗೆ
ಕನ್ನಡಿ ಇಲ್ಲ; ಪರೀಕ್ಷೆಯ ದಿನ ಬೋರ್ಕರ್ ಸರ್
ತಮ್ಮ ಸ್ಕೂಟರಿನದನ್ನು ಬಿಚ್ಚಿ ತರುತ್ತಾರೆ.
ಸರಿಯಾಗಿ ನಡೆಯುವುದು ಒಂದೇ, ಸ್ಟಾಪ್‌ವಾಚ್.

ಇಬ್ಬಿಬ್ಬರ ಜೋಡಿ. ನಾನು ಪ್ರಯೋಗಕರ್ತೆ,
ಸುಲಕ್ಷಾ ಮಾಜಾಳೀಕರ ನನ್ನ ಪ್ರಯೋಜ್ಯೆ.
ಜರ್ನಲ್ಲಿನಲ್ಲಿ ಹೆಸರು ಬರೆಯಬಾರದು, ಬರೀ ಅಕ್ಷರ:
ಸು.ಮಾ., ಹೆಣ್ಣು, ಹತ್ತೊಂಬತ್ತು, ಆರೋಗ್ಯ ಸಾಮಾನ್ಯ.
"ಸುಮಾ ಆಗಿಹೋದ್ನಲ್ಲೇ" ಎಂದು ನಕ್ಕು
ಕುರ್ಚಿ ಎಳೆದುಕೊಂಡಳು.

ಸೂಚನೆ ಓದಿದೆ, ಸರ್ ಬರೆಸಿದಂತೆ:
ನಾನೊಂದು ಪದ ಹೇಳುತ್ತೇನೆ. ಕೇಳಿದೊಡನೆ
ನಿಮಗೆ ಹೊಳೆದ ಮೊದಲ ಪದ ಹೇಳಿ.
ಸರಿ ತಪ್ಪು ಎಂಬುದಿಲ್ಲ. ಯಾವ ಭಾಷೆಯಾದರೂ ಸರಿ.
ಬೆಳಿಗ್ಗೆ ನನ್ನ ಡಬ್ಬಿಯ ಅವಲಕ್ಕಿ ತಿಂದವಳಿಗೆ
'ನೀವು' ಅಂದೆ.

ನೀರು. ಉದಕ.
ಉಪ್ಪು. ಮೀಠ.
ಮೀನು. ಬಾಂಗ್ಡೊ. ಇವತ್ತು ಬಾಂಗ್ಡೊ ತುಟ್ಟಿ ಮಾರಾಯ್ತಿ.
ಒಂದೇ ಪದ, ಎಂದೆ.
ಕಪ್ಪು. ಬೋರ್ಡು.
ಮದುವೆ. ಊಟ.
ದೇವರು. ಗಂಟೆ.
ಒಂದೂವರೆ ಸೆಕೆಂಡು, ಒಂದೂಮುಕ್ಕಾಲು,
ಪಾತಿಯಿಂದ ಬುಟ್ಟಿ ಇಳಿಸಿದ ಹಾಗೆ
ಕೈಯಿಂದ ಕೈಗೆ.

ಹದಿನಾಲ್ಕನೆಯದು, ಕಿಟಕಿ.

ಮುಳ್ಳು ಓಡಿತು.
ಬಂದರಿನ ಕಡೆ ಯಾವುದೋ ಬೋಟಿನ ಎಂಜಿನ್
ಚಾಲೂ ಆಗಿ, ಬಂದಾಗಿ, ಮತ್ತೆ ಚಾಲೂ ಆಯಿತು.
ಅವಳ ಹೆಬ್ಬೆರಳು ತೋರುಬೆರಳಿನ ಉಗುರನ್ನು
ಒತ್ತುತ್ತಲೇ ಇತ್ತು.
ಪಠ್ಯದ ಆ ಪುಟ ನನಗೆ ಬಾಯಿಪಾಠ:
ತಡವಾದಲ್ಲಿ ಏನೋ ಇದೆ, ಗುರುತು ಹಾಕಿಕೊಳ್ಳಿ.
ಬಚ್ಚಿಡುವುದೇಕೆ, ಆ ಹೊತ್ತು ಮೊದಲು
ನನಗಾದದ್ದು ಕನಿಕರವಲ್ಲ, ಖುಷಿ.
ಗಾಳಕ್ಕೆ ಏನೋ ಕಚ್ಚಿತೆಂಬ ಖುಷಿ.
ಆಮೇಲೆ ಮುಖ ನೋಡಿದೆ.

"ಮುಂದಿನದು ಹೇಳು," ಎಂದಳು.
ರೊಟ್ಟಿ. ಬಿಸಿ.
ಕೊನೆಯವರೆಗೂ ಎಲ್ಲಕ್ಕೂ ಬೇಗ ಬೇಗ ಉತ್ತರ,
ಬಾಕಿ ತೀರಿಸುವವರ ಹಾಗೆ.

ಸಂಜೆ ಮಾಜಾಳಿಯ ಬಸ್ಸು. ಸೀಟಿಲ್ಲ, ನಿಂತೇ ಇದ್ದೆವು.
ಕೋಡಿಬಾಗ ದಾಟಿ ಕಾಳಿಯ ಸೇತುವೆಗೆ ಏರಿದಾಗ
ಯಾರೋ ಗಾಳಿ ಬರಲೆಂದು ಗಾಜು ಸರಿಸಿದರು.
ಹೊಳೆ ಕಡಲಿಗೆ ಹೋಗುವ ಕಡೆ ನೋಡುತ್ತ
ಟಿಕೆಟ್ಟಿನ ದರ ಹೇಳುವ ದನಿಯಲ್ಲಿ
ಸುಲಕ್ಷಾ ಹೇಳಿದಳು:
"ಖಿಳೊ."

ನನ್ನ ಕೊಂಕಣಿ ಮೀನುಪೇಟೆಯಷ್ಟು.
ಸದಾಶಿವಗಡ ಬಂತು, ಸೋದರತ್ತೆಯ ಮನೆಯ ಸ್ಟಾಪು, ಇಳಿದೆ.
ಮೂಲೆಯಂಗಡಿಯ ನಾಗೇಕರ ಬಾಯಿಯನ್ನು
ಹಾಗಂದರೇನು ಎಂದು ಕೇಳಿದೆ.
ಅವಳು ಮಾತಾಡಲಿಲ್ಲ, ತಕ್ಕಡಿ ಯಾವುದಕ್ಕೆ
ತೂಗುಬಿದ್ದಿದೆಯೋ ಅದನ್ನು ತೋರಿಸಿದಳು.

ಕಿಟಕಿ. ಮೊಳೆ.
ಒಳಗಿನಿಂದ ಹೊಡೆದದ್ದೋ, ಹೊರಗಿನಿಂದಲೋ.
ಸುತ್ತಿಗೆ ಯಾರ ಕೈಯಲ್ಲಿ.
ಇತಿಹಾಸದವಳು ನಾನು, ಇಸವಿ ಕೇಳುವುದು ಚಟ.
ಕೇಳಲಿಲ್ಲ. ಮರುದಿನವೂ.

ಪ್ರತಿಕ್ರಿಯೆಯ ಕಾಲ ಮೂರು ತಾಸು ಹತ್ತು ನಿಮಿಷ.
ಅಷ್ಟುದ್ದದ ಖಾನೆ ಜರ್ನಲ್ಲಿನಲ್ಲಿಲ್ಲ,
ಒಂದು ಗೀಟೆಳೆದು ಬಿಟ್ಟೆ.
ಕೆಂಪು ಪೆನ್ನಿನಲ್ಲಿ ಬಂತು: ದತ್ತಾಂಶ ಅಪೂರ್ಣ.
ಹತ್ತಕ್ಕೆ ಏಳು.

ಮುಂದಿನ ವಾರ ಅದಲುಬದಲು.
ಸ್ಟಾಪ್‌ವಾಚ್ ಅವಳ ಕೈಯಲ್ಲಿ, ಕುರ್ಚಿಯಲ್ಲಿ ನಾನು.
ಅದೇ ಪಟ್ಟಿ, ಅದೇ 'ನೀವು'.
ನೀರು, ಉಪ್ಪು, ಮೀನು ಎಲ್ಲ ಮುಗಿದು
ಹದಿಮೂರರ ಆಮೇಲೆ ಒಮ್ಮೆ ತಲೆಯೆತ್ತಿ ನೋಡಿದಳು,
ಹದಿನೈದಕ್ಕೆ ಹೋದಳು.

ರೊಟ್ಟಿ, ಎಂದಳು.
ಬಿಸಿ, ಎಂದೆ.